ಜಾಲಿ ಮುಳ್ಳು, ಬಾವು, ಬಿಳಿ ರಕ್ತಕಣ: ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ರಕ್ತ ತೆಗೆಯುವುದು, ಸಂಜೆ ರಿಪೋರ್ಟ್ ಕೊಡುವುದು. ಆದರೆ ರಿಪೋರ್ಟ್ ಕೈಗೆ ಬಂದ ಮೇಲೂ ಜನ ಕಿಟಕಿ ಬಿಟ್ಟು ಹೋಗುವುದಿಲ್ಲ. "ಬಿಳಿ ಕಣ ಏರ್ಯಾವಂತಲ್ರೀ, ಏನಾಗ್ತದ?" ಎಂದು ನಿಲ್ಲುತ್ತಾರೆ. ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವುದಿಲ್ಲ. ಆದರೆ ಈ ಕಣಗಳನ್ನು ದಿನಾ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತೇನೆ. ಅವುಗಳ ಕೆಲಸ ಏನು ಅಂತ ಹೇಳಬಲ್ಲೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದರಿಂದ ಒಂದು ಕಡೆ ಬರೆದಿಟ್ಟಿದ್ದೇನೆ.

ಮುಳ್ಳು ಚುಚ್ಚಿದ ಜಾಗ ಯಾಕೆ ಬಾತುಕೊಳ್ಳುತ್ತದೆ? ಅದು ಮುಳ್ಳಿನ ವಿಷ ಅಲ್ವಾ?

ನಮ್ಮ ಕಡೆ ಕಾಲುವೆ ದಂಡೆ, ಹೊಲದ ಬದು, ಬಯಲು, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಹೆಸರಿಗೆ ಬಳ್ಳಾರಿ, ಮೂಲ ಮಾತ್ರ ಅಮೆರಿಕ ಖಂಡ. ಅದರ ಮುಳ್ಳು ಚಪ್ಪಲಿಯನ್ನೂ ತೂರಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಚುಚ್ಚಿದರೆ ಸಂಜೆಗೆ ಹಿಮ್ಮಡಿ ಕೆಂಪಾಗಿ, ಬಿಸಿಯಾಗಿ, ಬಾತು, ನೆಲಕ್ಕೆ ಊರದ ಹಾಗೆ ನೋಯುತ್ತದೆ. ಆಗ ಎಲ್ಲರೂ ಹೇಳುವುದು "ಮುಳ್ಳು ನಂಜಾಗಿದೆ" ಅಂತ.

ಬಾವು ಬಹುಪಾಲು ಮುಳ್ಳಿನ ಕೆಲಸ ಅಲ್ಲ, ನಿಮ್ಮ ಮೈಯ ಕೆಲಸ. ಮುಳ್ಳಿನ ಜೊತೆ ಮಣ್ಣು, ಸೆಗಣಿ, ರೋಗಾಣು ಒಳಗೆ ಹೋಗಿರುತ್ತವೆ. ಚರ್ಮದ ಕೆಳಗೆ ಕಾವಲಿಗೆ ಕೂತ ಮಾಸ್ಟ್ ಕಣಗಳು ತಕ್ಷಣ ಹಿಸ್ಟಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಅದರಿಂದ ಅಲ್ಲಿಯ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಗೋಡೆಯಲ್ಲಿ ಸಂದಿ ಬಿಡುತ್ತವೆ. ಕಾಲುವೆಯ ತೂಬು ಎತ್ತಿದ ಹಾಗೆ ಅಂದುಕೊಳ್ಳಿ. ಕಾಲುವೆಯಲ್ಲಿ ನೀರು ತನ್ನಷ್ಟಕ್ಕೆ ಹರಿಯುತ್ತಿರುತ್ತದೆ. ತೂಬು ಎತ್ತಿದ ಕಡೆ ಮಾತ್ರ ಹೊಲಕ್ಕೆ ನುಗ್ಗುತ್ತದೆ. ಹಾಗೇ ರಕ್ತದ ನೀರಿನಂಶ ಆ ಜಾಗಕ್ಕೆ ನುಗ್ಗುತ್ತದೆ. ರಕ್ತ ಜಾಸ್ತಿ ಬಂದದ್ದಕ್ಕೆ ಕೆಂಪು ಮತ್ತು ಬಿಸಿ, ನೀರು ಇಳಿದದ್ದಕ್ಕೆ ಬಾವು. ನರಗಳನ್ನು ಕೆಣಕುವ ಬ್ರಾಡಿಕೈನಿನ್, ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳಿಂದ ನೋವು.

ಕೆಂಪು, ಬಾವು, ಬಿಸಿ, ನೋವು. ಈ ನಾಲ್ಕನ್ನೂ ಒಟ್ಟಿಗೆ ಬರೆದಿಟ್ಟವನು ಸುಮಾರು 2000 ವರ್ಷದ ಹಿಂದಿನ ರೋಮ್‌ನ ಸೆಲ್ಸಸ್. ಇವು ಯಾಕೆ ಆಗುತ್ತವೆ ಎಂದು ಗೊತ್ತಾಗಲು ಮಾತ್ರ 19ನೇ ಶತಮಾನ ಬರಬೇಕಾಯಿತು.

ತೂಬು ಎತ್ತುವುದು ನೀರಿಗಾಗಿ ಮಾತ್ರ ಅಲ್ಲ. ಆ ದಾರಿಯಲ್ಲಿ ಬಿಳಿ ರಕ್ತಕಣಗಳು ಹೊರಗೆ ಬರಬೇಕು. ಬಾವು ಇರುವುದೇ ಅವುಗಳಿಗಾಗಿ.

ಬಿಳಿ ರಕ್ತಕಣ ಅಂದರೆ ಎಲ್ಲವೂ ಒಂದೇನಾ?

ಅಲ್ಲ. ರಿಪೋರ್ಟ್‌ನಲ್ಲಿ ಟಿಸಿ ಎಂದರೆ ಒಟ್ಟು ಲೆಕ್ಕ, ಡಿಸಿ ಎಂದರೆ ಯಾವ ಜಾತಿ ಎಷ್ಟು ಎಂಬ ಲೆಕ್ಕ. ಜನ ಟಿಸಿ ಒಂದನ್ನೇ ನೋಡಿ ಗಾಬರಿಯಾಗುತ್ತಾರೆ. ನಿಜವಾದ ಕತೆ ಇರುವುದು ಡಿಸಿಯಲ್ಲಿ.

ದೊಡ್ಡವರಲ್ಲಿ ನ್ಯೂಟ್ರೋಫಿಲ್ ಎಲ್ಲಕ್ಕಿಂತ ಜಾಸ್ತಿ, 100ಕ್ಕೆ ಸುಮಾರು 40ರಿಂದ 70. ಹಳೆಯ ರಿಪೋರ್ಟ್‌ಗಳಲ್ಲಿ ಇದನ್ನೇ ಪಾಲಿಮಾರ್ಫ್ ಎಂದು ಬರೆಯುತ್ತಿದ್ದರು. ಮುಳ್ಳು ಚುಚ್ಚಿದ ಜಾಗಕ್ಕೆ ಕೆಲವೇ ಗಂಟೆಯಲ್ಲಿ ಮೊದಲು ಓಡಿ ಬರುವವು ಇವೇ. ಆಯಸ್ಸು ಕಮ್ಮಿ, ರಕ್ತದಲ್ಲಿ ಹೆಚ್ಚೆಂದರೆ ಒಂದೆರಡು ದಿನ. ಅದಕ್ಕೇ ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿಯಷ್ಟು ಹೊಸದಾಗಿ ಮಾಡುತ್ತಲೇ ಇರುತ್ತದೆ.

ಮೊನೋಸೈಟ್ ನಿಧಾನದ ಗಿರಾಕಿ. ಒಂದೆರಡು ದಿನ ಬಿಟ್ಟು ಬರುತ್ತದೆ. ಗಾಯಕ್ಕೆ ಇಳಿದ ಮೇಲೆ ದೊಡ್ಡದಾಗಿ ಮ್ಯಾಕ್ರೋಫೇಜ್ ಆಗುತ್ತದೆ. ಸತ್ತ ನ್ಯೂಟ್ರೋಫಿಲ್, ಹರಿದ ಅಂಗಾಂಶ, ಉಳಿದ ರೋಗಾಣು, ಎಲ್ಲವನ್ನೂ ನುಂಗುತ್ತದೆ. ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಿದ ಮೇಲೆ ಅದೇ "ಸಾಕು, ಇನ್ನು ಬರಬೇಡಿ" ಎಂಬ ಸಂದೇಶವನ್ನೂ ಕಳಿಸುತ್ತದೆ. ಬಾವು ಇಳಿಯುವುದು ಹಾಗೆ. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಎಲೆ ಎತ್ತುವವರ ಹಾಗೆ ಇದು. ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅವರಿಲ್ಲದಿದ್ದರೆ ಮುಂದಿನ ಪಂಕ್ತಿ ಕೂರುವಂತಿಲ್ಲ.

ಲಿಂಫೋಸೈಟ್ ನೆನಪಿನ ಕಣ. ಹಿಂದೆ ಬಂದ ರೋಗಾಣುವಿನ ಗುರುತು ಇಟ್ಟುಕೊಳ್ಳುತ್ತದೆ. ಲಸಿಕೆ ಕೆಲಸ ಮಾಡುವುದೇ ಇದರ ಮೇಲೆ. ಇಯೋಸಿನೋಫಿಲ್ ಏರಿದರೆ ಹೊಟ್ಟೆಹುಳು, ಅಲರ್ಜಿ, ಆಸ್ತಮಾ ನೆನಪಿಗೆ ಬರಬೇಕು. ಬೇಸೋಫಿಲ್ 100ಕ್ಕೆ ಒಂದೂ ಸಿಗುವುದು ಕಷ್ಟ.

ರಕ್ತದೊಳಗಿರುವ ಕಣ ಹೊರಗೆ ಹೇಗೆ ಬರುತ್ತದೆ?

1867ರಲ್ಲಿ ಜರ್ಮನಿಯ ಕೋನ್‌ಹೈಮ್ ಕಪ್ಪೆಯ ತೆಳ್ಳನೆಯ ಪೊರೆಯನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಕೂತು ನೋಡಿದ. ಬಿಳಿ ಕಣಗಳು ನಾಳದ ಗೋಡೆಗೆ ಅಂಟಿಕೊಂಡು, ಆಮೇಲೆ ಗೋಡೆ ದಾಟಿ ಹೊರಗೆ ಬರುತ್ತಿದ್ದವು. ಕೀವಿನಲ್ಲಿರುವ ಕಣಗಳು ರಕ್ತದಿಂದಲೇ ಬಂದವು ಎಂದು ಗಟ್ಟಿಯಾಗಿ ತೋರಿಸಿದವನು ಅವನು.

ಆಗುವುದು ಹೀಗೆ. ಗಾಯದ ಹತ್ತಿರದ ನಾಳದ ಒಳಗೋಡೆ ಜಿಗುಟಾಗುತ್ತದೆ. ಓಡುವ ನ್ಯೂಟ್ರೋಫಿಲ್ ಅದಕ್ಕೆ ತಾಗಿ ಉರುಳತೊಡಗುತ್ತದೆ, ನಿಧಾನವಾಗುತ್ತದೆ, ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಆಮೇಲೆ ಮೈ ಕಿರಿದು ಮಾಡಿಕೊಂಡು ಸಂದಿಯಲ್ಲಿ ನುಸುಳುತ್ತದೆ. ಜಾತ್ರೆಯ ತೇರಿನ ಹತ್ತಿರ ಹೋಗಲು ಜನರ ನಡುವೆ ಅಡ್ಡಡ್ಡ ನುಸುಳುತ್ತೇವಲ್ಲ, ಹಾಗೆ. ಹೊರಗೆ ಬಂದ ಮೇಲೆ ರೋಗಾಣುವಿನ ವಾಸನೆ ಹಿಡಿದು ಅತ್ತಲೇ ತೆವಳುತ್ತದೆ. ವಾಸನೆ ಎಂದರೆ ಇಲ್ಲಿ ರಾಸಾಯನಿಕದ ಜಾಡು.

ಇವು ರೋಗಾಣು ತಿನ್ನುತ್ತವೆ ಅಂತ ಮೊದಲು ಯಾರಿಗೆ ಗೊತ್ತಾಯಿತು?

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಯಾಕೆಂದರೆ ಇಲ್ಲೂ ಒಂದು ಮುಳ್ಳೇ ಇದೆ.

1882. ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞ ಇಟಲಿಯ ಮೆಸಿನಾದಲ್ಲಿ ಸಮುದ್ರದ ದಡದಲ್ಲಿದ್ದ. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಇವನು ಒಬ್ಬನೇ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತ ಕೂತಿದ್ದ. ಆ ಮರಿಗಳ ಮೈ ಗಾಜಿನ ಹಾಗೆ ಪಾರದರ್ಶಕ. ಒಳಗೆ ಅಲೆದಾಡುವ ಕಣಗಳು ಕಾಣುತ್ತಿದ್ದವು. ಒಂದು ಮುಳ್ಳು ಚುಚ್ಚಿದರೆ ಇವು ಅದರ ಸುತ್ತ ಸೇರುತ್ತವಾ ಎಂಬ ಯೋಚನೆ ಬಂತು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಯ ಚರ್ಮದ ಕೆಳಗೆ ಚುಚ್ಚಿದ. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು.

ಅಲ್ಲಿಯವರೆಗೆ ಬಹಳ ಜನ ತಿಳಿದಿದ್ದು ಬೇರೆ. ಬಿಳಿ ಕಣಗಳೇ ರೋಗಾಣುವನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಅಂತ. ಅಂದರೆ ಕಾವಲುಗಾರನನ್ನೇ ಕಳ್ಳ ಎಂದು ಹಿಡಿದಿದ್ದರು. ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಂತು, ಪಾಲ್ ಎರ್ಲಿಕ್ ಜೊತೆ. ಕಣಗಳಿಗೆ ಬಣ್ಣ ಹಾಕಿ ಜಾತಿ ಬೇರೆ ಮಾಡುವುದನ್ನು ತೋರಿಸಿಕೊಟ್ಟವನು ಈ ಎರ್ಲಿಕ್. ನಾವು ಲ್ಯಾಬ್‌ನಲ್ಲಿ ಡಿಸಿ ಮಾಡಲು ಸ್ಲೈಡ್‌ಗೆ ಬಣ್ಣ ಹಾಕುತ್ತೇವಲ್ಲ, ಅದರ ಬೇರು ಅಲ್ಲಿದೆ.

ಕೀವು ಅಂದರೆ ಏನು? ಕೆಲವೊಮ್ಮೆ ಹಸಿರಾಗಿ ಯಾಕೆ ಇರುತ್ತದೆ?

ಕೀವು ಎಂದರೆ ಹೆಚ್ಚಾಗಿ ಸತ್ತ ನ್ಯೂಟ್ರೋಫಿಲ್‌ಗಳ ರಾಶಿ. ಜೊತೆಗೆ ಸತ್ತ ಮತ್ತು ಬದುಕಿರುವ ರೋಗಾಣು, ಕರಗಿದ ಅಂಗಾಂಶ. "ಕೆಟ್ಟ ರಕ್ತ ಹೊರಗೆ ಬಂತು" ಎನ್ನುತ್ತಾರೆ. ಕೆಟ್ಟದ್ದಲ್ಲ, ಕೆಲಸ ಮಾಡಿ ಸತ್ತ ಕಣಗಳು ಅವು.

ನ್ಯೂಟ್ರೋಫಿಲ್ ಒಳಗೆ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇದೆ. ಅದರ ಬಣ್ಣವೇ ಹಸಿರು. ಅದು ಮಾಡುವ ಕೆಲಸ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಪಂಚಾಯಿತಿಯವರು ಊರಿನ ಟ್ಯಾಂಕ್‌ಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ, ಅದು ನೀರಿಗೆ ಬಿದ್ದಾಗ ರೋಗಾಣು ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಹುಟ್ಟುತ್ತದೆ. ಅದೇ ಆಮ್ಲವನ್ನು ನ್ಯೂಟ್ರೋಫಿಲ್ ತನ್ನ ಹೊಟ್ಟೆಯೊಳಗೆ ತಾನೇ ತಯಾರಿಸುತ್ತದೆ. ಸಾಯುವಾಗಲೂ ಸುಮ್ಮನೆ ಸಾಯುವುದಿಲ್ಲ. ಕೆಲವು ತಮ್ಮ ಡಿಎನ್‌ಎಯನ್ನೇ ಬಲೆಯ ಹಾಗೆ ಹೊರಗೆ ಬೀಸಿ ರೋಗಾಣು ಹಿಡಿಯುತ್ತವೆ. ಇದು ಗೊತ್ತಾದದ್ದು 2004ರಲ್ಲಿ.

ಹಸಿರು ಕೀವಿಗೆ ಇನ್ನೊಂದು ಕಾರಣ ಸ್ಯೂಡೋಮೊನಾಸ್ ಎಂಬ ರೋಗಾಣು, ಅದಕ್ಕೂ ಹಸಿರು ಬಣ್ಣ ಇದೆ. ಆದ್ದರಿಂದ ಬಣ್ಣ ನೋಡಿ ಯಾವ ರೋಗಾಣು ಎಂದು ಹೇಳಲು ಬರುವುದಿಲ್ಲ. ಹೇಳಬೇಕಾದರೆ ಕೀವು ತೆಗೆದು ಕಲ್ಚರ್ ಮಾಡಬೇಕು, ಅಂದರೆ ಅದರಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡಬೇಕು. ಇನ್ನು, ಕುರುವನ್ನು ಉಗುರಿನಲ್ಲಿ ಹಿಚುಕಬೇಡಿ. ಸುತ್ತಲೂ ಕಟ್ಟಿಕೊಂಡ ಗೋಡೆ ಒಡೆದು ಒಳಕ್ಕೆ ಹರಡುತ್ತದೆ.

ಎಕ್ಕದ ಹಾಲು ಹಾಕಿದರೆ ಮುಳ್ಳು ತಾನೇ ಹೊರಗೆ ಬರುತ್ತದೆ ಅಂತಾರೆ. ಅರಿಶಿನ ಹಚ್ಚಬಹುದಾ?

ಎಕ್ಕದ ಹಾಲು ನಮ್ಮ ಮನೆಯಲ್ಲೂ ಹಾಕಿದ್ದಾರೆ. ಚಿಕ್ಕವನಿದ್ದಾಗ ಕಾರಟಗಿಯ ಹತ್ತಿರ ಹೊಲದಲ್ಲಿ ಜಾಲಿ ಮುಳ್ಳು ಹಿಮ್ಮಡಿಗೆ ಹೋಯಿತು. ಅಜ್ಜಿ ಪಿನ್ನಿನಿಂದ ತೆಗೆದಳು, ತುದಿ ಒಳಗೇ ಉಳಿಯಿತು. ಎಕ್ಕದ ಹಾಲು ಬಿಟ್ಟಳು. ರಾತ್ರಿಯೆಲ್ಲ ಉರಿ, ಮರುದಿನ ಬಾವು ಇನ್ನೂ ಜಾಸ್ತಿ. "ಎಳೀತಾ ಐತಿ" ಎಂದಳು. ಆಮೇಲೆ ಬಾವು ಇಳಿದರೂ ಒಂದು ಗಟ್ಟಿ ಗಂಟು ಉಳಿಯಿತು. ಎಷ್ಟೋ ವಾರ ಕಳೆದು ಡಾಕ್ಟರ್ ಕೊಯ್ದಾಗ ಮುಳ್ಳಿನ ತುದಿ ಅಲ್ಲೇ ಇತ್ತು.

ದೊಡ್ಡವನಾಗಿ ಓದಿದಾಗ ನಗು ಬಂತು. ಇಲಿಯ ಪಾದದಲ್ಲಿ ಬೇಕಂತಲೇ ಬಾವು ಬರಿಸಿ ಔಷಧಿ ಪರೀಕ್ಷೆ ಮಾಡಲು ವಿಜ್ಞಾನಿಗಳು ಬಳಸುವ ವಸ್ತುಗಳಲ್ಲಿ ಎಕ್ಕದ ಹಾಲೂ ಒಂದು! ಅಜ್ಜಿ ನೋಡಿದ್ದು ಸರಿ, ಬಾವು ಏರಿತ್ತು. ಏರಿಸಿದ್ದು ಹಾಲು. ಕಣ್ಣಿಗೆ ಸಿಡಿದರೆ ಕಾರ್ನಿಯಾಕ್ಕೇ ಪೆಟ್ಟು. ಹಾಕಬೇಡಿ.

ಆ ಗಂಟು ಏನು ಗೊತ್ತಾ? ಮ್ಯಾಕ್ರೋಫೇಜ್‌ಗಳಿಗೆ ಮುಳ್ಳನ್ನು ನುಂಗಲು ಆಗಲಿಲ್ಲ. ಹಾಗಾಗಿ ಒಂದರೊಳಗೊಂದು ಸೇರಿ ದೈತ್ಯ ಕಣಗಳಾಗಿ, ಮುಳ್ಳಿನ ಸುತ್ತ ಗೋಡೆ ಕಟ್ಟಿದವು. ತೆಗೆಯಲಾಗದ ಬಂಡೆಯನ್ನು ಹೊಲದ ನಡುವೆ ಬಿಟ್ಟು ಸುತ್ತ ಉಳುಮೆ ಮಾಡುತ್ತೇವಲ್ಲ, ಹಾಗೆ.

ಅರಿಶಿನದಲ್ಲಿರುವ ಕುರ್ಕ್ಯುಮಿನ್ ಎಂಬ ವಸ್ತು ಪ್ರಯೋಗಶಾಲೆಯಲ್ಲಿ ಉರಿಯೂತ, ಅಂದರೆ ಈ ಕೆಂಪು, ಬಾವು, ಬಿಸಿ, ನೋವು, ತಗ್ಗಿಸುವುದು ನಿಜ. ಆದರೆ ತಿಂದರೆ ರಕ್ತಕ್ಕೆ ಸೇರುವುದು ಬಹಳ ಕಮ್ಮಿ. ಅಡುಗೆಗೆ ಹಾಕಿ, ತಿನ್ನಿ. ತೆರೆದ ಗಾಯಕ್ಕೆ ಡಬ್ಬಿಯ ಪುಡಿ ತುಂಬಬೇಡಿ. ಸೋಪು, ಸ್ವಚ್ಛ ನೀರಿನಲ್ಲಿ ತೊಳೆದು, ಧನುರ್ವಾಯು ಸೂಜಿ ಬೇಕಾ ಎಂದು ಡಾಕ್ಟರನ್ನು ಕೇಳಿ.

ಬದನೆಕಾಯಿ ತಿಂದರೆ ಗಾಯ ನಂಜಾಗುತ್ತಾ?

ಇಲ್ಲ. ಎಣ್ಣೆಗಾಯಿ, ರೊಟ್ಟಿ ಧಾರಾಳವಾಗಿ ತಿನ್ನಿ. ಕಣ ಮಾಡಲು ಮೈಗೆ ಬೇಳೆ, ಮೊಟ್ಟೆ, ಹಾಲು ಬೇಕು. ಗಾಯವಾದವರಿಗೆ ಬರೀ ಗಂಜಿ ಕೊಟ್ಟು ಸೊರಗಿಸುವುದೇ ದೊಡ್ಡ ನಂಜು.

ಟಿಸಿ 14 ಸಾವಿರ ಬಂದಿದೆ. ಬ್ಲಡ್ ಕ್ಯಾನ್ಸರಾ?

ದಿನಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಮೊಬೈಲ್‌ನಲ್ಲಿ ಹುಡುಕಿಕೊಂಡು ಬಂದಿರುತ್ತಾರೆ, ಮುಖ ಬಿಳಿಚಿರುತ್ತದೆ.

ದೊಡ್ಡವರಿಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಸಾಮಾನ್ಯ. ಕುರು, ಹಲ್ಲಿನ ಕೀವು, ನ್ಯುಮೋನಿಯಾ, ಅಪೆಂಡಿಕ್ಸ್, ಯಾವುದಾದರೂ 14 ಸಾವಿರಕ್ಕೆ ಏರಿಸಬಹುದು. ಕಾಯಿಲೆಯೇ ಇಲ್ಲದೆಯೂ ಏರುತ್ತದೆ. ಓಡಿ ಬಂದು ರಕ್ತ ಕೊಟ್ಟರೆ ಏರುತ್ತದೆ. ಬೀಡಿ ಸೇದುವವರಲ್ಲಿ ಸ್ವಲ್ಪ ಮೇಲೇ ಇರುತ್ತದೆ. ಬಸುರಿಯರಲ್ಲಿ 15 ಸಾವಿರ ಸಹಜ, ಹೆರಿಗೆಯ ಹೊತ್ತಿಗೆ ಇನ್ನೂ ಮೇಲೆ. ಹುಟ್ಟಿದ ಕೂಸಿಗೆ 20 ಸಾವಿರ ಇದ್ದರೂ ಹೆದರಬೇಕಿಲ್ಲ.

ಡಾಕ್ಟರ್ ನೋಡುವುದು ಯಾವ ಕಣ ಏರಿದೆ ಎಂದು. ನ್ಯೂಟ್ರೋಫಿಲ್ ಏರಿ, ಜೊತೆಗೆ ಇನ್ನೂ ಬಲಿಯದ ಎಳೆಯ ಕಣಗಳು ಕಂಡರೆ, ಮಜ್ಜೆ ಅವಸರದಲ್ಲಿ ಸರಕು ಕಳಿಸುತ್ತಿದೆ ಎಂದರ್ಥ. ಸೋಂಕು ಜೋರಾಗಿದೆ. ಟಿಸಿ 50 ಸಾವಿರ, ಲಕ್ಷ ಹೀಗೆ ಏರಿದರೆ, ಸ್ಲೈಡ್‌ನಲ್ಲಿ ಬ್ಲಾಸ್ಟ್ ಎಂಬ, ಮಜ್ಜೆಯಲ್ಲೇ ಇರಬೇಕಾದ ತೀರಾ ಎಳೆಯ ಕಣ ಕಂಡರೆ, ಆಗ ಕ್ಯಾನ್ಸರ್ ಪರೀಕ್ಷೆಯ ಮಾತು ಬರುತ್ತದೆ. ಬರೀ ಮಶೀನ್ ಕೊಟ್ಟ ಅಂಕಿ ನಂಬಿ ಅಳಬೇಡಿ. ಅನುಮಾನ ಇದ್ದರೆ ಸ್ಲೈಡ್ ಮಾಡಿ ಕಣ್ಣಿನಿಂದ ನೋಡಲು ಲ್ಯಾಬ್‌ನವರಿಗೆ ಹೇಳಿ.

ಜ್ವರ 103 ಇದೆ, ಆದರೆ ಬಿಳಿ ಕಣ ಕಮ್ಮಿ. ರಿಪೋರ್ಟ್ ತಪ್ಪಾ?

ತಪ್ಪಿರಲಿಕ್ಕಿಲ್ಲ. ಡೆಂಗಿಯಲ್ಲಿ ಬಿಳಿ ಕಣ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿಯುವ ಮೊದಲೇ ಇದು ಕಾಣಬಹುದು. ಟೈಫಾಯ್ಡ್‌ನಲ್ಲೂ ಕೌಂಟ್ ಸಾಮಾನ್ಯ ಅಥವಾ ಕಮ್ಮಿ. ಟೈಫಾಯ್ಡ್ ರೋಗಾಣು ಬಹಳ ಕಿಲಾಡಿ. ತನ್ನನ್ನು ನುಂಗಲು ಬಂದ ಮ್ಯಾಕ್ರೋಫೇಜ್ ಒಳಗೇ ಮನೆ ಮಾಡಿಕೊಂಡು, ಅದರ ಹೆಗಲೇರಿ ಮೈಯೆಲ್ಲ ಸುತ್ತುತ್ತದೆ.

ಒಂದು ಮಾತು, ನನ್ನ ಕಸುಬಿಗೇ ವಿರುದ್ಧ. ವಿಡಾಲ್ ಪರೀಕ್ಷೆ ಒಂದನ್ನೇ ನಂಬಿ ಟೈಫಾಯ್ಡ್ ಎನ್ನಬಾರದು. ಬೇರೆ ಜ್ವರದಲ್ಲೂ ಅದು ಪಾಸಿಟಿವ್ ಬರುತ್ತದೆ. ಆಂಟಿಬಯೋಟಿಕ್ ಶುರುವಾಗುವ ಮೊದಲು ಬ್ಲಡ್ ಕಲ್ಚರ್ ಮಾಡಿಸುವುದು ಒಳ್ಳೆಯದು.

ಊರಲ್ಲಿ ಒಂದು ಸೂಜಿ ಮಾಡಿಸಿದೆ. ಬಾವು ಇಳಿಯಿತು, ಆದರೆ ಕೌಂಟ್ ಏರಿದೆ. ಹೇಗೆ?

ಆ ಸೂಜಿಯಲ್ಲಿ ಏನಿತ್ತು ಎಂದು ಕೇಳಿದ್ದೀರಾ? ಯಾರೂ ಕೇಳುವುದಿಲ್ಲ. ಸ್ಟೀರಾಯ್ಡ್ ಇದ್ದರೆ ಹೀಗೆ ಆಗುತ್ತದೆ.

ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧ ರಕ್ತದಲ್ಲಿ ಓಡುತ್ತಿದ್ದರೆ, ಇನ್ನರ್ಧ ನಾಳದ ಗೋಡೆಗೆ ಒರಗಿ ನಿಂತಿರುತ್ತವೆ. ಸ್ಟೀರಾಯ್ಡ್ ಗೋಡೆಯ ಜಿಗುಟು ತೆಗೆದುಬಿಡುತ್ತದೆ. ಒರಗಿದ್ದವು ರಕ್ತಕ್ಕೆ ಬೀಳುತ್ತವೆ, ಕೌಂಟ್ ಏರುತ್ತದೆ. ಆದರೆ ಗಾಯಕ್ಕೆ ಇಳಿಯಲು ಅವುಗಳಿಗೆ ಆಗುವುದಿಲ್ಲ. ಬಾವು ಇಳಿದದ್ದು ಜಗಳ ಮುಗಿದು ಅಲ್ಲ, ಪೊಲೀಸರು ಬರುವ ದಾರಿ ಮುಚ್ಚಿದ್ದರಿಂದ. ಒಳಗೆ ರೋಗಾಣು ಆರಾಮಾಗಿ ಬೆಳೆಯಬಹುದು.

ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ. ಆಸ್ತಮಾ ಜೋರಾದಾಗ, ಕೆಲವು ಕೀಲುವಾತದಲ್ಲಿ ಅದು ಬೇಕೇ ಬೇಕು. ಅಲ್ಲಿ ಬಿಳಿ ಕಣಗಳೇ ಸುಮ್ಮಸುಮ್ಮನೆ ನಮ್ಮ ಮೈಯನ್ನು ಕಚ್ಚುತ್ತಿರುತ್ತವೆ. ಕೀವು ಕಟ್ಟಿದ ಕಾಲಿಗೆ ಯಾರೂ ನೋಡದೆ ಕೊಡುವುದು ಬೇರೆ. ನೋವಿನ ಸೂಜಿ ಡೈಕ್ಲೋಫೆನಾಕ್ ಕೂಡ ಹಾಗೆಯೇ. ಅದು ಪ್ರೋಸ್ಟಗ್ಲಾಂಡಿನ್ ತಡೆಯುತ್ತದೆ, ಹಾಗಾಗಿ ನೋವು ಹೋಗುತ್ತದೆ. ಮೇ ತಿಂಗಳ ನಮ್ಮ ಬಿಸಿಲಲ್ಲಿ ನೀರು ಕುಡಿಯದೆ ದುಡಿದು, ಸಂಜೆ ಆ ಸೂಜಿ ಮಾಡಿಸಿಕೊಂಡರೆ ಕಿಡ್ನಿಗೆ ಕಷ್ಟ.

ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ಯಾಕೆ ಮಾಯುವುದಿಲ್ಲ?

ಮಾನ್ವಿ, ಸಿರವಾರ ಕಡೆಯ ಟೇಲೆಂಡ್, ಅಂದರೆ ಕಾಲುವೆಯ ಕೊನೆಯ ಭಾಗದ, ರೈತರನ್ನು ಕೇಳಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟ ಸುದ್ದಿ ಬರುತ್ತದೆ, ಹೊಲಕ್ಕೆ ನೀರು ಬರುವುದಿಲ್ಲ. ನಮ್ಮ ಮೈಯಲ್ಲಿ ಪಾದವೇ ಟೇಲೆಂಡ್. ಸಕ್ಕರೆ ಕಾಯಿಲೆ ಹಳೆಯದಾದರೆ ಆ ಕಡೆಯ ನಾಳಗಳು ಕಟ್ಟಿಕೊಳ್ಳುತ್ತವೆ. ಬಂದ ನ್ಯೂಟ್ರೋಫಿಲ್‌ಗಳೂ ಮಂಕು. ರಕ್ತದಲ್ಲಿ ಸಕ್ಕರೆ ಏರಿದಾಗ ಅವು ಜಾಡು ಹಿಡಿಯುವುದು, ನುಂಗುವುದು, ಕೊಲ್ಲುವುದು ಎಲ್ಲ ನಿಧಾನ. ಸಾಲದ್ದಕ್ಕೆ ನರ ಸತ್ತು ನೋವೇ ಗೊತ್ತಾಗುವುದಿಲ್ಲ. ಮುಳ್ಳು ಚುಚ್ಚಿ ಎಂಟು ದಿನವಾದರೂ ತಿಳಿಯದೆ ಗದ್ದೆಯಲ್ಲಿ ನಡೆದವರನ್ನು ನೋಡಿದ್ದೇನೆ. ರಾತ್ರಿ ಮಲಗುವ ಮುಂಚೆ ಪಾದ ತಿರುಗಿಸಿ ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮೊಮ್ಮಕ್ಕಳಿಗೆ ಹೇಳಿ.

ಕಲ್ಲು ಕ್ವಾರಿಯ ಧೂಳಿಗೂ ಬಿಳಿ ಕಣಕ್ಕೂ ಏನು ಸಂಬಂಧ?

ಕುಷ್ಟಗಿ ಕಡೆಯಿಂದ ಗ್ರಾನೈಟ್ ಕೆಲಸದವರು ಬರುತ್ತಾರೆ, ಅವರಿಗಾಗಿ ಇದು. ಕಲ್ಲು ಕೊರೆಯುವಾಗ ಏಳುವ ನುಣ್ಣನೆ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶದ ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ. ಜೀರ್ಣಿಸಲು ಆಗದೆ ಒಡೆದು ಸಾಯುತ್ತದೆ. ಧೂಳಿನ ಕಣ ಹಾಗೇ ಹೊರಗೆ. ಇನ್ನೊಂದು ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಇದು ಎಂದೂ ಮುಗಿಯದ ಉರಿಯೂತ. ಹೀಗೇ ವರ್ಷಗಟ್ಟಲೆ ನಡೆದು ಶ್ವಾಸಕೋಶದಲ್ಲಿ ಕಲೆಗಟ್ಟಿದ ಗಂಟುಗಳಾಗುತ್ತವೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಹೆಚ್ಚುತ್ತ ಹೋಗಬಹುದು. ಮ್ಯಾಕ್ರೋಫೇಜ್ ಸೋತ ಕಡೆ ಟಿಬಿ ಸುಲಭವಾಗಿ ಹಿಡಿಯುತ್ತದೆ. ಟವೆಲ್ ಸುತ್ತಿಕೊಂಡರೆ ಆ ಧೂಳು ನಿಲ್ಲುವುದಿಲ್ಲ. ನೀರು ಬಿಟ್ಟು ಕೊರೆಯಬೇಕು, ಸರಿಯಾದ ಮಾಸ್ಕ್ ಬೇಕು. ಅದನ್ನು ಕೊಡಬೇಕಾದವರು ಮಾಲೀಕರು.

ನಂಜು ಮೈಯೆಲ್ಲ ಏರಿತು ಅಂದರೆ ಏನು?

ತೂಬಿನ ಮಾತು ನೆನಪಿಸಿಕೊಳ್ಳಿ. ಒಂದು ತೂಬು ಎತ್ತಿದರೆ ಒಂದು ಹೊಲಕ್ಕೆ ನೀರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಏನಾಯಿತು? ಕೂಡಿಟ್ಟ ನೀರೆಲ್ಲ ಹೊಳೆ ಪಾಲಾಗುತ್ತಿತ್ತು, ನಾವು ಕೈಕಟ್ಟಿ ನೋಡುತ್ತಿದ್ದೆವು. ರೋಗಾಣುವಿನ ವಿರುದ್ಧ ಮೈಯ ಉತ್ತರ ಹತೋಟಿ ತಪ್ಪಿದಾಗ ಹಾಗೇ ಆಗುತ್ತದೆ. ಮೈಯ ಎಲ್ಲ ಕಡೆ ನಾಳಗಳು ಹಿಗ್ಗಿ ಸೋರುತ್ತವೆ, ಬಿಪಿ ಬೀಳುತ್ತದೆ. ಇದು ಸೆಪ್ಸಿಸ್. ಇದರಲ್ಲಿ ಕೌಂಟ್ ಏರಿರಬಹುದು, ಅಥವಾ ಕಣ ಖರ್ಚಾಗಿ ಇಳಿದಿರಲೂಬಹುದು.

ಗಾಯದಿಂದ ಕಾಲಿನ ಮೇಲಕ್ಕೆ ಕೆಂಪು ಗೆರೆ ಏರಿದರೆ, ತೊಡೆಸಂದಿಯಲ್ಲಿ ಗಡ್ಡೆ ಬಂದು ನಡುಕದ ಜ್ವರ ಬಂದರೆ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಉಸಿರು ಜೋರಾಗಿ, ಮಾತು ತಡವರಿಸಿ, ಮೂತ್ರ ಕಮ್ಮಿಯಾಗಿ, ಕೈಕಾಲು ತಣ್ಣಗಾದರೆ ಬೆಳಗಾಗಲಿ ಎಂದು ಕಾಯಬೇಡಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ರಾತ್ರಿಯೇ 108ಕ್ಕೆ ಫೋನ್ ಮಾಡಿ. ಅಂಥ ಹೊತ್ತಲ್ಲಿ ನನ್ನ ಲ್ಯಾಬ್‌ಗೆ ಬಂದು ಕೌಂಟ್ ಮಾಡಿಸುತ್ತ ಕೂರುವುದು ಬೇಡ.

ಈ ಕಣಗಳನ್ನು ನಾವೂ ನೋಡಬಹುದಾ?

ಮಧ್ಯಾಹ್ನ ಗದ್ದಲ ಕಮ್ಮಿ ಇದ್ದಾಗ ಬನ್ನಿ. ಹೋದ ವಾರ ಹಿಮ್ಮಡಿಗೆ ಬ್ಯಾಂಡೇಜ್ ಕಟ್ಟಿಕೊಂಡ ಹುಡುಗನೊಬ್ಬ ಅಮ್ಮನ ಜೊತೆ ಬಂದಿದ್ದ. ಅವನದೇ ಸ್ಲೈಡ್ ತೋರಿಸಿದೆ. ನಸುಗೆಂಪು ಬಿಲ್ಲೆಗಳ ಹಾಗೆ ನೂರಾರು ಕೆಂಪು ಕಣ, ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ ಮೂರು ನಾಲ್ಕು ಎಸಳಿನ ನ್ಯೂಟ್ರೋಫಿಲ್. "ಇಷ್ಟೇ ಏನು?" ಎಂದ. ಇಡೀ ಸ್ಲೈಡ್ ನಿನ್ನ ರಕ್ತದ ಒಂದು ಹನಿಗಿಂತ ಕಮ್ಮಿ ಕಣೋ ಎಂದೆ. ಒಂದು ಕಣ್ಣು ಮುಚ್ಚಿಕೊಂಡು ಮತ್ತೆ ಬಗ್ಗಿದ, ಬಾಯಲ್ಲೇ ಎಣಿಸತೊಡಗಿದ. ಹದಿನೇಳಕ್ಕೆ ಬಂದಾಗ ಅಮ್ಮ ಬಸ್ಸಿಗೆ ಹೊತ್ತಾಯಿತು ಎಂದು ಎಳೆದುಕೊಂಡು ಹೋದಳು.